ಯಂತ್ರದೊಳಗೊಂದು ಯಂತ್ರ

ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಕಣಿವೆಯನ್ನು ಹಾದು ಬರುವ ಶರಾವತಿಯು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿಯೂ ಕಡಲೂ ಕೂಡುವ ಆ ಎಡೆಗೆ ಅಳಿವೆಯೆಂದು ಹೆಸರು. ಅಲ್ಲಿ ಹೊಳೆಯ ಸೆಳೆತವೂ ಕಡಲಿನ ಅಲೆಯೂ ಎದುರುಬದುರಾಗಿ ನಿಲ್ಲುತ್ತವೆ. ನೀರಿನಡಿಯ ಮರಳಿನ ದಿಬ್ಬಗಳು ಋತುವಿನಿಂದ ಋತುವಿಗೆ ಜಾಗ ಬದಲಿಸುತ್ತವೆ. ನುರಿತ ಮೀನುಗಾರರೂ ಅಳಿವೆಯನ್ನು ದಾಟುವಾಗ ಎಚ್ಚರದಿಂದಿರುತ್ತಾರೆ. ಆದುದರಿಂದ ದೋಣಿ ನಡೆಸಲು ಕಲಿಯುವ ಹುಡುಗನನ್ನು ಯಾರೂ ಮೊದಲ ದಿನವೇ ಅಳಿವೆಗೆ ಕರೆದೊಯ್ಯುವುದಿಲ್ಲ. ಅವನು ಮೊದಲು ಹುಟ್ಟು ಹಿಡಿಯುವುದು ಒಳಗಿನ ಶಾಂತವಾದ ನೀರಿನಲ್ಲಿ. ಅಲ್ಲಿ ದೋಣಿ ಅಡ್ಡ ತಿರುಗಿದರೂ, ಮರಳಿನಲ್ಲಿ ಸಿಕ್ಕಿಕೊಂಡರೂ ಅಪಾಯವಿಲ್ಲ. ತಪ್ಪು ಮಾಡಲು ಅವಕಾಶವಿರುವ ಕಡೆಯಲ್ಲಿ ಮಾತ್ರ ಕಲಿಕೆ ನಿರ್ಭಯವಾಗಿ ಸಾಗುತ್ತದೆ.

ಗಣಕಯಂತ್ರದ ವಿದ್ಯೆಗೂ ಈ ಮಾತು ಸಲ್ಲುತ್ತದೆ. ಹೊನ್ನಾವರದ ಆಚೀಚಿನ ಹಳ್ಳಿಯೊಂದರ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಇರುವುದು ಒಂದೇ ಗಣಕಯಂತ್ರ. ಅದರಲ್ಲಿ ತಂದೆಯ ಅಡಿಕೆ ಮಾರಾಟದ ಲೆಕ್ಕವಿದೆ. ಅಣ್ಣನ ಪರೀಕ್ಷೆಯ ಕಾಗದಪತ್ರಗಳಿವೆ. ಈಗ ಇಲ್ಲವಾಗಿರುವ ಅಜ್ಜಿಯ ಭಾವಚಿತ್ರಗಳಿವೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ವಿಷಯವನ್ನು ಶಾಲೆಯಲ್ಲಿ ಕೇಳಿದ ಅವಳಿಗೆ ಅದನ್ನು ಕಲಿಯಬೇಕೆಂಬ ಆಸೆ. “ಕೂಸೇ, ಅದರಲ್ಲಿ ಮೂರು ವರ್ಷದ ಲೆಕ್ಕ ಇದ್ದು, ಹಾಳು ಮಾಡಡ” ಎಂದು ತಂದೆ ಎಚ್ಚರಿಸುತ್ತಾರೆ. ತಂದೆಯ ಭಯವೂ ನ್ಯಾಯವಾದುದೇ. ಮಗಳ ಆಸೆಯೂ ನ್ಯಾಯವಾದುದೇ. ಹಳೆಯದನ್ನು ಅಳಿಸದೆ ಹೊಸದನ್ನು ಕಲಿಯುವ ದಾರಿಯೊಂದು ಉಂಟೆ? ಉಂಟು. ಅದರ ಹೆಸರು ವರ್ಚುವಲ್ ಮೆಷೀನ್. ಬೆಳಕಿನ ಪಾಠದಲ್ಲಿ ಕನ್ನಡಿಯ ಒಳಗೆ ತೋರುವ ಬಿಂಬವನ್ನು ಮಿಥ್ಯ ಬಿಂಬವೆಂದು ಕರೆಯುವುದು ವಿದ್ಯಾರ್ಥಿಗಳಿಗೆ ಗೊತ್ತು. ಅದೇ ಜಾಡಿನಲ್ಲಿ ಇದನ್ನು ಮಿಥ್ಯಾಯಂತ್ರ ಎನ್ನಬಹುದು.

ಮಿಥ್ಯಾಯಂತ್ರವನ್ನು ತಿಳಿಯುವ ಮೊದಲು ಲಿನಕ್ಸ್ ಎಂದರೇನೆಂಬುದನ್ನು ಅರಿಯಬೇಕು. ಗಣಕಯಂತ್ರದ ಕಣ್ಣಿಗೆ ಕಾಣುವ ಭಾಗಗಳು ಯಂತ್ರಾಂಶ. ಅದನ್ನು ನಡೆಸುವ ಆಜ್ಞೆಗಳ ಸಮುದಾಯ ತಂತ್ರಾಂಶ. ತಂತ್ರಾಂಶಗಳಲ್ಲೆಲ್ಲ ಮೊದಲಿನದು ಕಾರ್ಯಾಚರಣ ವ್ಯವಸ್ಥೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಪರದೆಗೆ ಬರುವುದು, ಕಡತವು ಡಿಸ್ಕಿನಲ್ಲಿ ಉಳಿಯುವುದು, ಹಲವು ಕೆಲಸಗಳು ಒಂದರೊಡನೊಂದು ಜಗಳವಾಡದೆ ನಡೆಯುವುದು, ಇವೆಲ್ಲ ಅದರ ಆಡಳಿತಕ್ಕೆ ಒಳಪಟ್ಟವು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರಂತೆಯೇ ನಡೆಯುವ, ಆದರೆ ಎಲ್ಲರೂ ಬಳಸಲು, ಬಿಚ್ಚಿ ನೋಡಲು, ತಿದ್ದಲು, ಹಂಚಲು ಸ್ವತಂತ್ರರಾಗಿರುವ ವ್ಯವಸ್ಥೆಯೊಂದನ್ನು ರಚಿಸುವೆನೆಂದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಸಾರಿದರು. ಆ ಯೋಜನೆಯ ಹೆಸರು ಗ್ನು. ಅದರ ಬಹುತೇಕ ಅಂಗಗಳು ಸಿದ್ಧವಾದರೂ ತಿರುಳು, ಎಂದರೆ ಕರ್ನೆಲ್, ಸಿದ್ಧವಾಗಿರಲಿಲ್ಲ. 1991ರ ಆಗಸ್ಟ್ 25ರಂದು ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸ್, ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಹವ್ಯಾಸಕ್ಕಾಗಿ ಬರೆಯುತ್ತಿರುವುದಾಗಿ ತಿಳಿಸಿದನು. ಆ ತಿರುಳೇ ಲಿನಕ್ಸ್. 1992ರಲ್ಲಿ ಅದನ್ನು ಗ್ನು ಪರವಾನಗಿಯ ಅಡಿಯಲ್ಲಿ ಲೋಕಕ್ಕೆ ಕೊಡಲಾಯಿತು.

ಇಂದು ಲಿನಕ್ಸ್ ಕಾಣದ ಕೈಯಂತೆ ಎಲ್ಲೆಡೆ ದುಡಿಯುತ್ತಿದೆ. ಆಂಡ್ರಾಯ್ಡ್ ದೂರವಾಣಿಗಳ ಒಳಗಿರುವುದು ಲಿನಕ್ಸ್ ತಿರುಳು. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತ್ಯಂತ ವೇಗದ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ಬಂದವೆಲ್ಲ ಲಿನಕ್ಸನ್ನೇ ಬಳಸುತ್ತವೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಇಂಜೆನ್ಯೂಯಿಟಿ ಎಂಬ ಪುಟ್ಟ ಹೆಲಿಕಾಪ್ಟರನ್ನೂ ಅದೇ ನಡೆಸಿತು. ಆದರೂ ಮನೆಯ ಮೇಜಿನ ಮೇಲಿನ ಯಂತ್ರಗಳಲ್ಲಿ ಬಹುಪಾಲು ಬೇರೆ ವ್ಯವಸ್ಥೆಯೇ ಇರುವುದರಿಂದ, ಕಲಿಯುವವನಿಗೆ ಲಿನಕ್ಸ್ ಅಪರಿಚಿತವಾಗಿಯೇ ಉಳಿಯುತ್ತದೆ.

ಅಪರಿಚಿತ ವ್ಯವಸ್ಥೆಯೊಡನೆ ಆಡುವಾಗ ಕೈತಪ್ಪುವುದು ಸಹಜ. ಸ್ವತಃ ಟೊರ್ವಾಲ್ಡ್ಸ್‌ಗೂ ಅದು ತಪ್ಪಲಿಲ್ಲ. ಆತ ಲಿನಕ್ಸನ್ನು ಬರೆಯುತ್ತಿದ್ದ ಯಂತ್ರದಲ್ಲಿ ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯೂ ಇತ್ತು. ವಿಶ್ವವಿದ್ಯಾಲಯದ ಗಣಕವನ್ನು ಸಂಪರ್ಕಿಸಲು ದೂರವಾಣಿಯ ಮೋಡೆಮ್‌ಗೆ ಕಳುಹಿಸಬೇಕಾದ ಆಜ್ಞೆಯನ್ನು ಆತ ಒಮ್ಮೆ ತಪ್ಪಿ ಹಾರ್ಡ್ ಡಿಸ್ಕಿಗೇ ಕಳುಹಿಸಿಬಿಟ್ಟನು. ಡಿಸ್ಕಿನಲ್ಲಿದ್ದ ಮಿನಿಕ್ಸ್‌ನ ಮುಖ್ಯ ಭಾಗವೇ ಅಳಿಸಿಹೋಯಿತು. ಅದನ್ನು ಮತ್ತೆ ಸ್ಥಾಪಿಸುವ ಬದಲು ತನ್ನ ಲಿನಕ್ಸನ್ನೇ ನೆಚ್ಚಿ ಮುಂದುವರಿಯಲು ಆತ ನಿರ್ಧರಿಸಿದನು. ಆ ತಪ್ಪು ಆತನ ಪಾಲಿಗೆ ತಿರುವಾಯಿತು. ಆದರೆ ಎಲ್ಲರ ತಪ್ಪೂ ಹಾಗೆ ಶುಭವಾಗಿ ಮುಗಿಯುವುದಿಲ್ಲ. ಅಡಿಕೆಯ ಲೆಕ್ಕವಾಗಲಿ ಅಜ್ಜಿಯ ಚಿತ್ರವಾಗಲಿ ಒಮ್ಮೆ ಹೋದರೆ ಮರಳಿ ಬರುವುದು ಕಷ್ಟ. ಮಿಥ್ಯಾಯಂತ್ರದ ಉಪಕಾರ ತಿಳಿಯುವುದು ಇಲ್ಲಿಯೇ.

ಹಾಗಾದರೆ ಮಿಥ್ಯಾಯಂತ್ರವೆಂದರೆ ಯಾವುದು? ಉತ್ತರ ಕನ್ನಡದ ಮಕ್ಕಳಿಗೆ ಇದನ್ನು ಯಕ್ಷಗಾನದ ಮೂಲಕ ವಿವರಿಸುವುದು ಸುಲಭ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದ್ದು ಇದೇ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬಗಳನ್ನು ನೆಟ್ಟರೆ ಅದೇ ರಂಗಸ್ಥಳ. ರಾತ್ರಿಯೆಲ್ಲ ಆ ಚೌಕದೊಳಗೆ ಇಂದ್ರನ ಸಭೆ ನಡೆಯುತ್ತದೆ, ಖಾಂಡವವನ ಉರಿಯುತ್ತದೆ, ಲಂಕೆ ಸುಟ್ಟು ಬೂದಿಯಾಗುತ್ತದೆ. ಬೆಳಗಾದಾಗ ನೋಡಿದರೆ ಗದ್ದೆ ಗದ್ದೆಯಾಗಿಯೇ ಇದೆ. ಒಂದು ಹುಲ್ಲುಕಡ್ಡಿಯೂ ಸುಟ್ಟಿಲ್ಲ. ಮಿಥ್ಯಾಯಂತ್ರವೂ ಹೀಗೆಯೇ. ನಿಜವಾದ ಗಣಕಯಂತ್ರವು ಗದ್ದೆ. ಅದರಲ್ಲಿ ಒಂದು ಚೌಕವನ್ನು ಗುರುತಿಸಿ, ಅದರೊಳಗೆ ಬೇರೊಂದು ಗಣಕಯಂತ್ರವೇ ಇದೆಯೆಂಬ ಭಾಸವನ್ನು ತಂತ್ರಾಂಶದಿಂದ ನಿರ್ಮಿಸಲಾಗುತ್ತದೆ. ಒಳಗಿನ ಯಂತ್ರಕ್ಕೆ ತನ್ನದೇ ಆದ ಸ್ಮೃತಿ, ಡಿಸ್ಕು, ಪರದೆಗಳು ಇರುತ್ತವೆ. ಅಲ್ಲಿ ಲಂಕೆಯೇ ಸುಟ್ಟರೂ ಹೊರಗಿನ ಗದ್ದೆ ಸುರಕ್ಷಿತ.

ರಂಗಸ್ಥಳದಲ್ಲಿ ವೇಷಗಳು ಕುಣಿಯುವುದು ಭಾಗವತರ ಅಂಕೆಯಲ್ಲಿ. ಅವರು ಪದ ಎತ್ತದೆ, ತಾಳ ಹಾಕದೆ ಯಾವ ವೇಷವೂ ಪ್ರವೇಶಿಸುವುದಿಲ್ಲ. ಮಿಥ್ಯಾಯಂತ್ರದಲ್ಲಿ ಭಾಗವತರ ಸ್ಥಾನದಲ್ಲಿರುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಹೊರಗಿನ ವ್ಯವಸ್ಥೆಯನ್ನು ಅತಿಥೇಯವೆಂದೂ, ಒಳಗೆ ಬಂದು ನೆಲೆಸುವ ವ್ಯವಸ್ಥೆಯನ್ನು ಅತಿಥಿಯೆಂದೂ ಕರೆಯುತ್ತಾರೆ. ಮನೆಗೆ ಬಂದ ಅತಿಥಿಗೆ ಕೋಣೆಯನ್ನೂ ಹಾಸಿಗೆಯನ್ನೂ ಕೊಡುತ್ತಾರೆಯೇ ಹೊರತು ಪೆಟ್ಟಿಗೆಯ ಬೀಗದ ಕೈಯನ್ನು ಕೊಡುವುದಿಲ್ಲ. ಹೈಪರ್‌ವೈಸರ್ ಪಾಲಿಸುವುದು ಇದೇ ಗೃಹಧರ್ಮವನ್ನು.

ಈ ಕಲ್ಪನೆ ಹೊಸದೇನೂ ಅಲ್ಲ. 1960ರ ದಶಕದಲ್ಲಿ ಒಂದೊಂದು ಗಣಕಯಂತ್ರವೂ ಕೋಣೆಯನ್ನು ತುಂಬುವಷ್ಟು ದೊಡ್ಡದಾಗಿತ್ತು, ಬೆಲೆಯೂ ಅಪಾರವಾಗಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಅನಿವಾರ್ಯವಾಗಿತ್ತು. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೋಮೊ ಅವರ ತಂಡವು ಸಿಪಿ-40 ಎಂಬ ವ್ಯವಸ್ಥೆಯನ್ನು ರಚಿಸಿ 1967ರಲ್ಲಿ ಬಳಕೆಗೆ ತಂದಿತು. ಒಂದೇ ಯಂತ್ರದೊಳಗೆ ಹಲವು ಮಿಥ್ಯಾಯಂತ್ರಗಳು ಏಕಕಾಲದಲ್ಲಿ ನಡೆಯುತ್ತಿದ್ದವು. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರ ತನ್ನೊಬ್ಬನದೇ ಎಂಬ ಭಾವನೆ ಉಂಟಾಗುತ್ತಿತ್ತು. 1972ರಲ್ಲಿ ಇದೇ ತತ್ವದ ವಿಎಂ/370 ಮಾರುಕಟ್ಟೆಗಾಗಿ ಪ್ರಕಟವಾಯಿತು. 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಮಿಥ್ಯಾಯಂತ್ರಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ಒಳಗಿನ ತಂತ್ರಾಂಶವು ನಿಜವಾದ ಯಂತ್ರದಲ್ಲಿ ನಡೆದಂತೆಯೇ ನಡೆಯಬೇಕು. ಹೆಚ್ಚಿನ ಆಜ್ಞೆಗಳು ನೇರವಾಗಿ ನಿಜವಾದ ಪ್ರೊಸೆಸರಿನ ಮೇಲೆಯೇ ನಡೆದು ವೇಗ ಉಳಿಯಬೇಕು. ಸಂಪನ್ಮೂಲಗಳ ಒಡೆತನ ಮಾತ್ರ ಸಂಪೂರ್ಣವಾಗಿ ಮೇಲ್ವಿಚಾರಕ ತಂತ್ರಾಂಶದ ಕೈಯಲ್ಲಿರಬೇಕು.

ಮನೆಗಳಲ್ಲಿ ಬಳಸುವ ಸಣ್ಣ ಗಣಕಗಳ ಪ್ರೊಸೆಸರುಗಳಲ್ಲಿ ಈ ಲಕ್ಷಣಗಳನ್ನು ಸಾಧಿಸುವುದು ಬಹುಕಾಲ ಕಷ್ಟವಾಗಿತ್ತು. ಯಂತ್ರದ ಒಡೆತನವನ್ನು ಮುಟ್ಟುವ ಕೆಲವು ಆಜ್ಞೆಗಳು ಮೇಲ್ವಿಚಾರಕನ ಕಣ್ಣಿಗೆ ಬೀಳದೆ ಜಾರಿಹೋಗುತ್ತಿದ್ದುದೇ ಇದಕ್ಕೆ ಕಾರಣ. 1999ರಲ್ಲಿ ವಿಎಂವೇರ್ ಸಂಸ್ಥೆಯು ಅಂಥ ಆಜ್ಞೆಗಳನ್ನು ಮೊದಲೇ ಗುರುತಿಸಿ ಮಾರ್ಪಡಿಸುವ ಉಪಾಯದಿಂದ ಈ ತೊಡಕನ್ನು ದಾಟಿತು. 2005 ಮತ್ತು 2006ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಪ್ರೊಸೆಸರಿನಲ್ಲಿಯೇ ಮಿಥ್ಯಾಯಂತ್ರಕ್ಕೆ ಬೇಕಾದ ಸೌಕರ್ಯವನ್ನು ಅಳವಡಿಸಿದವು. 2007ರಲ್ಲಿ ಲಿನಕ್ಸ್ ತಿರುಳಿನೊಳಗೇ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು. ಅದೇ ವರ್ಷ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವು ಸ್ವತಂತ್ರ ಪರವಾನಗಿಯಲ್ಲಿ ಹೊರಬಂದಿತು. ಒಂದು ಕಾಲಕ್ಕೆ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ವಿದ್ಯೆ ಹೀಗೆ ಹಳ್ಳಿಯ ಮನೆಯ ಮೇಜಿನವರೆಗೆ ಇಳಿದು ಬಂದಿತು.

ಇನ್ನು ಪ್ರಯೋಗಕ್ಕೆ ಬರೋಣ. ಕಲಿಯುವವರು ಮೊದಲು ಮಾಡಬೇಕಾದುದು ಮನೆಯ ಯಂತ್ರದ ಶಕ್ತಿಯನ್ನು ಅಳೆದುಕೊಳ್ಳುವುದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅತಿಥಿಗೆ ಕೊಟ್ಟ ಸ್ಮೃತಿಯು ಅಷ್ಟು ಹೊತ್ತು ಅತಿಥೇಯನ ಪಾಲಿಗೆ ಇಲ್ಲವಾಗುತ್ತದೆ. ಯಂತ್ರದಲ್ಲಿ 8 ಗಿಗಾಬೈಟ್ ಸ್ಮೃತಿಯಿದ್ದರೆ ಅತಿಥಿಗೆ 4 ಕೊಡಬಹುದು. ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ಮನೆಯವರೇ ಉಪವಾಸ ಬೀಳುತ್ತಾರೆ. ಡಿಸ್ಕಿನಲ್ಲಿ 25 ಗಿಗಾಬೈಟಿನಷ್ಟು ಸ್ಥಳ ಬಿಡುವಿರಬೇಕು. ಯಂತ್ರವನ್ನು ಚಾಲೂ ಮಾಡುವಾಗ ತೆರೆಯುವ ಬಯಾಸ್ ಎಂಬ ಆರಂಭದ ಪುಟದಲ್ಲಿ ವರ್ಚುವಲೈಸೇಷನ್ ಸೌಕರ್ಯವನ್ನು ಚಾಲನೆಯಲ್ಲಿಡಬೇಕು. ಕೆಲವು ಯಂತ್ರಗಳಲ್ಲಿ ಅದು ನಿಲ್ಲಿಸಿದ ಸ್ಥಿತಿಯಲ್ಲಿರುವುದರಿಂದ, ಎಷ್ಟೋ ಮಂದಿ ಕಾರಣ ತಿಳಿಯದೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ.

ಮುಂದಿನದು ಲಿನಕ್ಸನ್ನು ಪಡೆಯುವುದು. ಲಿನಕ್ಸ್ ತಿರುಳಿನ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿಕೊಡುವ ಹಲವು ಸಂಕಲನಗಳಿವೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್, ಭಾರತದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ಇವುಗಳಲ್ಲಿ ಕೆಲವು. ಹೊಸಬರಿಗೆ ಮಿಂಟ್ ಅನುಕೂಲವಾದುದು. ಅದರ ಪರದೆಯ ವಿನ್ಯಾಸ ಬಹುಮಂದಿಗೆ ಪರಿಚಿತವಾದ ವಿಂಡೋಸ್ ರೂಪಕ್ಕೆ ಹತ್ತಿರವಾಗಿದೆ. ಇಡೀ ವ್ಯವಸ್ಥೆಯು ಐಎಸ್‌ಒ ಎಂಬ ಒಂದೇ ಕಡತದಲ್ಲಿ, ಸುಮಾರು 3 ಗಿಗಾಬೈಟ್ ಗಾತ್ರದಲ್ಲಿ ದೊರೆಯುತ್ತದೆ. ಮಳೆಗಾಲದಲ್ಲಿ ಸಂಪರ್ಕ ಕಡಿದು ಕಡಿದು ಬರುವ ಊರಿನಲ್ಲಿ ಇಷ್ಟನ್ನು ಇಳಿಸಿಕೊಳ್ಳುವುದು ಸುಲಭವಲ್ಲ. ಅಂಥ ಕಡೆ ನೆರೆಯ ಗೆಳತಿಯ ಪೆನ್‌ಡ್ರೈವಿನಿಂದ ನಕಲು ಮಾಡಿಕೊಳ್ಳಬಹುದು. ಇದರಲ್ಲಿ ಕಳ್ಳತನವೇನೂ ಇಲ್ಲ. ಹಂಚಿಕೊಳ್ಳುವ ಹಕ್ಕನ್ನು ಪರವಾನಗಿಯೇ ಕೊಟ್ಟಿದೆ. ನೆರೆಮನೆಯಿಂದ ತಂದ ಒಂದು ಚಮಚ ಹೆಪ್ಪಿನಿಂದ ಪಾತ್ರೆ ತುಂಬ ಮೊಸರಾಗುತ್ತದೆ. ಕೊಟ್ಟವರ ಮನೆಯ ಮೊಸರಿಗೆ ಕೊರತೆಯಾಗುವುದಿಲ್ಲ. ಆದರೆ ಕೈಯಿಂದ ಕೈಗೆ ಬಂದ ಕಡತದಲ್ಲಿ ದೋಷ ಸೇರಿರಬಹುದು. ಅದನ್ನು ಪರೀಕ್ಷಿಸಲು ಪ್ರಕಾಶಕರು 64 ಚಿಹ್ನೆಗಳ ಒಂದು ಸಂಕೇತವನ್ನು ಪ್ರಕಟಿಸಿರುತ್ತಾರೆ. ಪಡೆದ ಕಡತದಿಂದ ಲೆಕ್ಕಹಾಕಿ ತೆಗೆದ ಸಂಕೇತವು ಅದಕ್ಕೆ ಸರಿಹೊಂದಿದರೆ ಕಡತ ಕೆಟ್ಟಿಲ್ಲವೆಂದು ತಿಳಿಯಬಹುದು. ಒಂದೇ ಚಿಹ್ನೆ ಬೇರೆಯಾದರೂ ಆ ಕಡತವನ್ನು ಬಳಸಬಾರದು.

ವರ್ಚುವಲ್‌ಬಾಕ್ಸನ್ನು ತೆರೆದು ಹೊಸ ಯಂತ್ರವೆಂಬ ಗುಂಡಿಯನ್ನು ಒತ್ತಿದರೆ ಅದು ಹೆಸರು, ಸ್ಮೃತಿ, ಪ್ರೊಸೆಸರಿನ ಪಾಲು ಮತ್ತು ಡಿಸ್ಕಿನ ಗಾತ್ರವನ್ನು ಒಂದೊಂದಾಗಿ ಕೇಳುತ್ತದೆ. ಇಲ್ಲಿ ಡಿಸ್ಕು ಎಂಬುದು ಹೊರಗಿನ ದೃಷ್ಟಿಯಲ್ಲಿ ಕೇವಲ ಒಂದು ಕಡತ. 25 ಗಿಗಾಬೈಟ್ ಎಂದು ಹೇಳಿದರೂ ಅದು ಒಮ್ಮೆಗೇ ಅಷ್ಟು ಸ್ಥಳವನ್ನು ನುಂಗುವುದಿಲ್ಲ. ಒಳಗೆ ತುಂಬಿದಂತೆಲ್ಲ ಬೆಳೆಯುತ್ತದೆ. ಈಚಿನ ಆವೃತ್ತಿಗಳು ಕೆಲವು ಸಂಕಲನಗಳ ಸ್ಥಾಪನೆಯನ್ನು ತಾವೇ ಮಾಡಿ ಮುಗಿಸಲು ಮುಂದಾಗುತ್ತವೆ. ಕಲಿಯುವವರು ಆ ಸೇವೆಯನ್ನು ಒಲ್ಲೆನೆಂದು ಹೇಳಿ ಪ್ರತಿಯೊಂದು ಹೆಜ್ಜೆಯನ್ನೂ ತಾವೇ ಇಡುವುದು ಒಳಿತು.

ಮಿಥ್ಯಾಯಂತ್ರವನ್ನು ಚಾಲೂ ಮಾಡಿ, ಒಳಗೆ ಕಾಣುವ ಸ್ಥಾಪನೆಯ ಚಿಹ್ನೆಯನ್ನು ಒತ್ತಿ, ಭಾಷೆ ಮತ್ತು ಕೀಲಿಮಣೆಯನ್ನು ಆರಿಸಿದ ಮೇಲೆ ಒಂದು ಘಟ್ಟ ಬರುತ್ತದೆ. ಆ ಘಟ್ಟದಲ್ಲಿ ಹೊಸಬರ ಎದೆ ನಡುಗದೆ ಇರದು. “ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಲಿನಕ್ಸನ್ನು ಸ್ಥಾಪಿಸಲೆ?” ಎಂದು ಪರದೆ ಕೇಳುತ್ತದೆ. ತಂದೆಯ ಲೆಕ್ಕ, ಅಣ್ಣನ ಪತ್ರಗಳು, ಅಜ್ಜಿಯ ಮುಖ, ಎಲ್ಲವೂ ಆ ಕ್ಷಣ ಕಣ್ಣ ಮುಂದೆ ಸುಳಿಯುತ್ತವೆ. ಆದರೆ ಆ ಪ್ರಶ್ನೆಯನ್ನು ಕೇಳುತ್ತಿರುವವನು ಅತಿಥಿ. ಅವನಿಗೆ ಕಾಣುತ್ತಿರುವ ಡಿಸ್ಕು ಆ ಒಂದು ಕಡತ ಮಾತ್ರ. ರಂಗಸ್ಥಳದ ಮೇಲಿನ ಹನುಮಂತನಿಗೆ ಲಂಕೆಯನ್ನು ಸುಡುವ ಅಧಿಕಾರವಿದೆ. ಪ್ರೇಕ್ಷಕನ ಮನೆಯನ್ನು ಸುಡುವ ಅಧಿಕಾರವಿಲ್ಲ. ಆದುದರಿಂದ ಅಲ್ಲಿ ಧೈರ್ಯವಾಗಿ ಒಪ್ಪಿಗೆ ಕೊಡಬಹುದು. ಆದರೆ ಇದೇ ಪ್ರಶ್ನೆ ಮಿಥ್ಯಾಯಂತ್ರದ ಕಿಟಕಿಯಲ್ಲಲ್ಲದೆ ನಿಜವಾದ ಯಂತ್ರದ ಮೇಲೆ ಎದುರಾದರೆ, ಮುಂದಿನ ಹೆಜ್ಜೆ ಇಡುವ ಮೊದಲು ಬೆರಳನ್ನು ಹಿಂತೆಗೆಯಬೇಕು. ಎರಡು ಸಂದರ್ಭಗಳ ವ್ಯತ್ಯಾಸವನ್ನು ಅರಿಯುವುದೇ ಈ ವಿದ್ಯೆಯ ಮೊದಲ ಪಾಠ.

ಸ್ಥಾಪನೆ ಮುಗಿದ ಬಳಿಕ ಸಣ್ಣಪುಟ್ಟ ತೊಡಕುಗಳು ಬರುತ್ತವೆ. ಕೆಲವೊಮ್ಮೆ ಮೌಸಿನ ಬಾಣವು ಒಳಗಿನ ಕಿಟಕಿಯಲ್ಲಿ ಸಿಕ್ಕಿಕೊಂಡು ಹೊರಬರುವುದಿಲ್ಲ. ಆಗ ಬಲಗಡೆಯ ಕಂಟ್ರೋಲ್ ಕೀಲಿಯನ್ನು ಒತ್ತಿದರೆ ಬಿಡುಗಡೆ ಸಿಗುತ್ತದೆ. ಪರದೆ ಚಿಕ್ಕದಾಗಿ ಕಂಡರೆ ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶವನ್ನು ಅತಿಥಿಯಲ್ಲಿ ಸ್ಥಾಪಿಸಬೇಕು. ಅಂತರಜಾಲವು ಸಾಮಾನ್ಯವಾಗಿ ಹೆಚ್ಚಿನ ಶ್ರಮವಿಲ್ಲದೆ ದೊರೆಯುತ್ತದೆ. ಅತಿಥಿಯು ಮನೆಯ ಬಾಗಿಲಿನಿಂದಲೇ ಹೊರಗೆ ಹೋಗಿ ಬರುತ್ತಾನೆ, ಹೊರಗಿನವರು ಮಾತ್ರ ನೇರವಾಗಿ ಅವನ ಕೋಣೆಗೆ ಬರಲಾರರು.

ಇನ್ನು ಟರ್ಮಿನಲ್ ಎಂಬ ಕಪ್ಪು ಕಿಟಕಿ. ಚಿತ್ರಗಳನ್ನು ಒತ್ತಿ ರೂಢಿಯಾದವರಿಗೆ, ಮಾತುಗಳನ್ನು ಬರೆದು ಆಜ್ಞಾಪಿಸುವ ಈ ಕ್ರಮ ಮೊದಲು ಒರಟಾಗಿ ತೋರುತ್ತದೆ. ಎಲ್‌ಎಸ್ ಎಂದು ಬರೆದರೆ ಕಡತಗಳ ಪಟ್ಟಿ. ಸಿಡಿ ಎಂದರೆ ಒಂದು ಕಡತಕೋಶದಿಂದ ಇನ್ನೊಂದಕ್ಕೆ ನಡೆಯುವುದು. ಮ್ಯಾನ್ ಎಂದರೆ ಯಾವ ಆಜ್ಞೆಯ ಅರ್ಥವನ್ನಾದರೂ ಹೇಳುವ ಕೈಪಿಡಿ. ಪಿಡಬ್ಲ್ಯುಡಿ ಎಂದೊಡನೆ ಈ ಸೀಮೆಯವರಿಗೆ ರಸ್ತೆಯ ಹೊಂಡಗಳು ನೆನಪಾಗಬಹುದು. ಲಿನಕ್ಸಿನಲ್ಲಿ ಅದು ‘ಈಗ ನಿಂತಿರುವ ಜಾಗ ಯಾವುದು’ ಎಂದು ತೋರಿಸುವ ಆಜ್ಞೆ. ಸುಡೊ ಎಂಬುದು ಆಡಳಿತಾಧಿಕಾರವನ್ನು ತಾತ್ಕಾಲಿಕವಾಗಿ ಪಡೆಯುವ ಮಾತು. ಅದನ್ನು ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಕೆಲವು ವಾರಗಳಲ್ಲಿ ಈ ಮಾತುಗಳು ನಾಲಗೆಗೆ ಒಗ್ಗುತ್ತವೆ.

ಕನ್ನಡದ ಮಕ್ಕಳಿಗೆ ಸಂತೋಷ ತರುವ ಸಂಗತಿಯೊಂದು ಇಲ್ಲಿದೆ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆಯ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ಮೂಲಕ ನಾಡಿನಲ್ಲಿ ಬಳಕೆಗೆ ಬಂದಿತು. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಕನ್ನಡದ ಧ್ವನ್ಯನುಸಾರಿ ವಿನ್ಯಾಸವೊಂದು ಮೊದಲಿನಿಂದಲೇ ಅಡಕವಾಗಿದೆ. ಸ್ವತಂತ್ರವಾಗಿ ದೊರೆಯುವ ಲೋಹಿತ್, ನವಿಲು, ಗುಬ್ಬಿ ಎಂಬ ಕನ್ನಡ ಅಕ್ಷರಶೈಲಿಗಳಿವೆ. ಪರದೆಯ ಮೇಲಿನ ಹಲವು ಸೂಚನೆಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಎಲ್ಲಿಯಾದರೂ ಅನುವಾದ ತಪ್ಪಾಗಿದ್ದರೆ ಅದನ್ನು ತಿದ್ದಿ ಕಳುಹಿಸುವ ಅವಕಾಶ ವಿದ್ಯಾರ್ಥಿಗೂ ಇದೆ. ಕೊಂಡ ವಸ್ತುವಿನ ಗ್ರಾಹಕನಾಗಿರುವುದಕ್ಕೂ, ಕಟ್ಟುವವರ ಬಳಗದಲ್ಲಿ ಒಬ್ಬನಾಗಿರುವುದಕ್ಕೂ ಇರುವ ಅಂತರ ಇದು.

ಮಿಥ್ಯಾಯಂತ್ರದ ಸೌಕರ್ಯಗಳಲ್ಲೆಲ್ಲ ಕಲಿಯುವವರಿಗೆ ಅತ್ಯಂತ ಉಪಯುಕ್ತವಾದುದು ಸ್ನ್ಯಾಪ್‌ಶಾಟ್. ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವುದೇ ಅದರ ಕೆಲಸ. ಭೂಪಟದ ಮೇಲೆ ಪಾರದರ್ಶಕವಾದ ಹಾಳೆಯನ್ನಿಟ್ಟು ಅದರ ಮೇಲೆ ಗೆರೆ ಎಳೆದರೆ ಕೆಳಗಿನ ಪಟ ಕೆಡುವುದಿಲ್ಲ. ಹಾಳೆಯನ್ನು ತೆಗೆದರೆ ಪಟ ಮೊದಲಿನಂತೆಯೇ ಇರುತ್ತದೆ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಆಗುವ ಬದಲಾವಣೆಗಳೆಲ್ಲ ಬೇರೊಂದು ಕಡತಕ್ಕೆ ಹೋಗುತ್ತವೆ. ಹಳೆಯದು ಮುಟ್ಟದೆ ಉಳಿಯುತ್ತದೆ. ಹೀಗೆ ಹಿಡಿದಿಟ್ಟು, ಅನಂತರ ವ್ಯವಸ್ಥೆಯ ಮುಖ್ಯ ಕಡತಕೋಶವೊಂದನ್ನು ಬೇಕೆಂದೇ ಅಳಿಸಿ ನೋಡಬಹುದು. ಅತಿಥಿ ವ್ಯವಸ್ಥೆ ಕುಸಿಯುತ್ತದೆ. ಮತ್ತೆ ಮೇಲೇಳುವುದೇ ಇಲ್ಲ. ಯಾವ ಭಾಗ ಹೋದರೆ ಯಾವುದು ನಿಲ್ಲುತ್ತದೆ ಎಂಬುದನ್ನು ನೂರು ಪುಟಗಳ ಗ್ರಂಥಕ್ಕಿಂತ ಈ ಒಂದು ಕುಸಿತ ಚೆನ್ನಾಗಿ ಕಲಿಸುತ್ತದೆ. ಅನಂತರ ಹಳೆಯ ಸ್ಥಿತಿಗೆ ಮರಳಲು ಒಂದು ಗುಂಡಿ ಸಾಕು. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿ ನಿಟ್ಟುಸಿರಿದೆ. ಇಲ್ಲಿ ಬುದ್ಧಿಯೂ ಬರುತ್ತದೆ, ಕೆಟ್ಟದ್ದೂ ಸರಿಯಾಗುತ್ತದೆ.

ಆದರೆ ಮಿಥ್ಯಾಯಂತ್ರಕ್ಕೆ ಮಿತಿಗಳೂ ಇವೆ; ಅವನ್ನು ಮರೆಯುವುದು ತರವಲ್ಲ. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳು ನಡೆಯುವುದರಿಂದ ವೇಗ ತಗ್ಗುತ್ತದೆ. ಒಳಗೂ ಹೊರಗೂ ಸಾಮಾನ್ಯವಾದ ಹಂಚಿಕೆಯ ಕಡತಕೋಶವನ್ನು ತೆರೆದಿದ್ದರೆ, ಅತಿಥಿಯು ಅಲ್ಲಿ ಅಳಿಸಿದುದು ಹೊರಗೂ ಅಳಿಯುತ್ತದೆ. ನಡುವಿನ ಕದವನ್ನು ತಾವೇ ತೆರೆದಿಟ್ಟು ಅತಿಥಿಯನ್ನು ದೂರಿ ಫಲವಿಲ್ಲ. ಸ್ನ್ಯಾಪ್‌ಶಾಟ್ ಇರುವುದೂ ಅದೇ ಡಿಸ್ಕಿನಲ್ಲಿಯಾದುದರಿಂದ, ಡಿಸ್ಕೇ ಕೆಟ್ಟರೆ ಅದೂ ಹೋಗುತ್ತದೆ. ಮುಖ್ಯವಾದ ಲೆಕ್ಕಪತ್ರಗಳ ಪ್ರತಿಯೊಂದನ್ನು ಬೇರೆಡೆ ಇಡುವುದನ್ನು ಯಾವ ಯಂತ್ರವೂ ತಪ್ಪಿಸಲಾರದು. ಕರಾವಳಿಯ ಮಳೆಗಾಲದಲ್ಲಿ ವಿದ್ಯುತ್ತು ಹೇಳದೆ ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸ್ಥಾಪನೆಯ ನಡುವೆ ಹಾಗಾದರೆ ಅತಿಥಿಯ ಡಿಸ್ಕು ಅರೆಬರೆಯಾಗಿ ಉಳಿಯಬಹುದು. ಆಗ ಅದನ್ನು ತೆಗೆದುಹಾಕಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳಿಗೆ ಮಿಥ್ಯಾಯಂತ್ರವೂ ಭಾರವೇ. ಅಂಥವುಗಳಲ್ಲಿ, ಕಡತಗಳನ್ನೆಲ್ಲ ಬೇರೆಡೆ ಕಾಪಾಡಿಕೊಂಡ ಮೇಲೆ, ಹಗುರವಾದ ಲಿನಕ್ಸನ್ನು ನೇರವಾಗಿ ಸ್ಥಾಪಿಸುವುದು ಮೇಲು. ಆದರೆ ಆ ನಿರ್ಧಾರಕ್ಕೆ ಬರುವವರು ಮೊದಲು ಬೇರೆ ಯಂತ್ರದ ಒಳನೀರಿನಲ್ಲಿ ಒಂದಿಷ್ಟು ಕಾಲ ಹುಟ್ಟು ಹಾಕಿರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಕಲಿಯುವ ಅಗತ್ಯವಾದರೂ ಏನು ಎಂದು ಕೇಳುವವರುಂಟು. ಕನ್ನಡ ಮಕ್ಕಳು ಲಿನಕ್ಸನ್ನು ಕಲಿಯಬಲ್ಲರೆಂಬುದಕ್ಕೆ ಕಾಸರಗೋಡು ಸಾಕ್ಷಿಯಾಗಿದೆ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದಿನ ವರ್ಷಗಳಲ್ಲಿ ಶಾಲೆಗಳ ಗಣಕ ಶಿಕ್ಷಣವನ್ನು ಗ್ನು/ಲಿನಕ್ಸ್‌ನ ಮೇಲೆ ನಿಲ್ಲಿಸಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿಯೇ ಅಚ್ಚಾದ ಪಠ್ಯಪುಸ್ತಕಗಳಿಂದ ಇದನ್ನು ಕಲಿಯುತ್ತ ಬಂದಿದ್ದಾರೆ. ಕರ್ನಾಟಕದಲ್ಲಿಯೂ 2010ರ ದಶಕದಲ್ಲಿ ಸರಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನು ಬಳಸಲು ಕಲಿತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕ ನಡೆಯುವುದೂ ಲಿನಕ್ಸಿನಿಂದಲೇ. ಹಳ್ಳಿಯ ಮನೆಯಲ್ಲಿ ಎಲ್‌ಎಸ್ ಎಂದು ಬರೆದ ಬೆರಳು ನಾಳೆ ಅಲ್ಲಿಯೂ ಅದೇ ಮಾತನ್ನು ಬರೆಯಬಹುದು. ಅಲ್ಲಿನ ಭಾಷೆ ಬೇರೆಯಲ್ಲ.

ಆ ವಿದ್ಯಾರ್ಥಿನಿಯ ಮನೆಗೆ ಮತ್ತೊಮ್ಮೆ ಹೋಗೋಣ. ಅವಳು ಒಂದು ರಜಾದಿನದಲ್ಲಿ ಮಿಥ್ಯಾಯಂತ್ರವನ್ನು ಕಟ್ಟಿದ್ದಾಳೆ. ಮೂರು ಸಲ ಕೆಡಿಸಿದ್ದಾಳೆ. ಮೂರು ಸಲವೂ ಸರಿಪಡಿಸಿದ್ದಾಳೆ. ಸಂಜೆ ತೋಟದಿಂದ ಬಂದ ತಂದೆ ಮೊದಲು ತಮ್ಮ ಲೆಕ್ಕದ ಕಡತವನ್ನು ತೆರೆದು ನೋಡುತ್ತಾರೆ. “ಎಂಥದೂ ಆಜಿಲ್ಲೆ ಅಪ್ಪಯ್ಯ” ಎನ್ನುತ್ತಾಳೆ ಮಗಳು. ಲೆಕ್ಕದ ಸಾಲುಗಳು ಇದ್ದಂತೆಯೇ ಇವೆ. ತಂದೆಯ ಮುಖದಲ್ಲಿ ಸಮಾಧಾನ ಮೂಡುತ್ತದೆ. ಅವಳ ಮನಸ್ಸಿನಲ್ಲಿ ಮೂಡಿರುವುದು ಇನ್ನೂ ಬೆಲೆಯುಳ್ಳದ್ದು. ಯಂತ್ರವೆಂದರೆ ಮುಟ್ಟಬಾರದ ವಸ್ತುವೆಂಬ ಅಂಜಿಕೆ ಅಳಿದು, ಅದು ಬಿಚ್ಚಿ ನೋಡಬಹುದಾದ, ಅರಿಯಬಹುದಾದ ವಸ್ತುವೆಂಬ ನಂಬಿಕೆ ಹುಟ್ಟಿದೆ. ಒಳನೀರಿನಲ್ಲಿ ಹುಟ್ಟು ಹಾಕಿ ಕೈ ಪಳಗಿದವನೇ ಮುಂದೊಂದು ದಿನ ಅಳಿವೆಯನ್ನು ದಾಟುತ್ತಾನೆ. ಶರಾವತಿಯ ದಂಡೆಯ ಮಕ್ಕಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ.
1. ಅಳಿವೆ ಎಂದರೇನು?
2. ಲಿನಕ್ಸ್ ತಿರುಳನ್ನು ಬರೆದವರು ಯಾರು? ಅದನ್ನು ಯಾವಾಗ ಲೋಕಕ್ಕೆ ತಿಳಿಸಲಾಯಿತು?
3. ಅತಿಥೇಯ ಮತ್ತು ಅತಿಥಿ ಎಂಬ ಮಾತುಗಳು ಇಲ್ಲಿ ಯಾವ ಅರ್ಥದಲ್ಲಿ ಬಂದಿವೆ?

ಆ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಮಿಥ್ಯಾಯಂತ್ರವನ್ನು ಯಕ್ಷಗಾನದ ರಂಗಸ್ಥಳಕ್ಕೆ ಹೋಲಿಸಿರುವುದು ಎಷ್ಟರಮಟ್ಟಿಗೆ ಸರಿ? ವಿವೇಚಿಸಿ.
2. ಸ್ನ್ಯಾಪ್‌ಶಾಟಿನ ಪ್ರಯೋಜನವನ್ನೂ ಮಿತಿಯನ್ನೂ ವಿವರಿಸಿ.

ಇ. ಸಂದರ್ಭದೊಡನೆ ವಿವರಿಸಿ.
1. “ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಲಿನಕ್ಸನ್ನು ಸ್ಥಾಪಿಸಲೆ?”
2. “ಎಂಥದೂ ಆಜಿಲ್ಲೆ ಅಪ್ಪಯ್ಯ.”